ಫ್ಯಾನು ತಿರುಗುವವರೆಗೆ

"ಟಾರ್ಚು ಅಲ್ಲಾಡಿಸ್ಬೇಡಿ ಅತ್ತಿಗೆ," ಎಂದಳು ನಾದಿನಿ, ತಲೆ ಎತ್ತದೆ.

ಮರಿ ಮಾಡಿಸುವ ಪೆಟ್ಟಿಗೆಯ ಗಾಜಿನಾಚೆ ಮೊಟ್ಟೆಗಳು ಆಗಲೇ ಬಿರುಕು ಬಿಟ್ಟಿದ್ದವು. ಒಳಗಿನಿಂದ ಚಿಯ್ ಚಿಯ್ ಎನ್ನುವ ಸಣ್ಣ ದನಿ. ಫ್ಯೂಸು ಮತ್ತೆ ಮತ್ತೆ ಹಾರುತ್ತಿತ್ತು. ಬಿಸಿಗಾಳಿ ತಿರುಗದಿದ್ದರೆ ಮರಿಗಳು ಚಿಪ್ಪಿನೊಳಗೇ ಸಾಯುತ್ತವೆ. ಬೇರೆ ಎಲೆಕ್ಟ್ರಿಷಿಯನ್ ಯಾರೂ ಸಿಗದೆ ಅತ್ತಿಗೆ ಇವಳಿಗೇ ಫೋನ್ ಮಾಡಿದ್ದಳು. ಹಿಂದೊಮ್ಮೆ ನೆಂಟರೆದುರು, "ಇವಳ ಕೈಲಿ ಕರೆಂಟ್ ಕೆಲಸ ಮಾಡಿಸಿದ್ರೆ ಮನೆ ಸುಟ್ಟು ಹೋಗತ್ತೆ" ಎಂದು ನಕ್ಕವಳೂ ಅವಳೇ. ಅವತ್ತಿನಿಂದ ನಾದಿನಿ ಈ ಹೊಸಿಲು ತುಳಿದಿರಲಿಲ್ಲ.

ಪೆಟ್ಟಿಗೆಯ ಸ್ವಿಚ್ಚು ಆರಿಸಿ, ಫ್ಯಾನಿನ ಒಂದು ವೈರು ಬಿಚ್ಚಿ, ಆ ಎರಡು ತುದಿಗಳ ನಡುವೆ ಮೀಟರನ್ನು ಕ್ಲಿಪ್ಪು ಹಾಕಿ ಕೂರಿಸಿದಳು.

"ಮೀಟರಿನ ಕೆಂಪು ವೈರನ್ನ ಯಾಕೆ ಬೇರೆ ತೂತಿಗೆ ಹಾಕ್ದೆ?" ಎಂದಳು ಅತ್ತಿಗೆ.

"ಕರೆಂಟೆಲ್ಲ ಮೀಟರಿನೊಳಗಿಂದಾನೇ ಹಾಯ್ಬೇಕಲ್ಲ, ಅದಕ್ಕೆ."

"ಅದು ಅಲ್ಲೇ ಇದ್ದಾಗ ವೋಲ್ಟ್ ನೋಡೋಕೆ ಹೋದ್ರೆ?"

"ಢಂ ಅನ್ನತ್ತೆ. ಅಷ್ಟೂ ಗೊತ್ತಿಲ್ವಾ ನನಗೆ?"

ಕೈ ದೂರ ತೆಗೆದು ಸ್ವಿಚ್ಚು ಹಾಕಿದಳು. ಅರ್ಧ ಆಂಪಿಯರ್ ಎಳೆಯಬೇಕಾದ ಫ್ಯಾನು ಮೂರು ದಾಟಿತ್ತು. ತಕ್ಷಣ ಆರಿಸಿದಳು. ಏನೋ ಸಿಕ್ಕಿಕೊಂಡಿದೆ, ಒಳಗೆ ಕೈ ಹಾಕಲೇಬೇಕು. ಅದಕ್ಕೆ ಮೊದಲು ವೈರಿನಲ್ಲಿ ಕರೆಂಟು ಸತ್ತಿದೆಯೇ ನೋಡಬೇಕು, ಅದಕ್ಕೂ ಮೊದಲು ಮೀಟರು ನಿಜ ಹೇಳುತ್ತದೆಯೇ ಎಂದು ಕರೆಂಟಿರುವ ಕಡೆ ನೋಡಬೇಕು. ಕ್ಲಿಪ್ಪು ಕಿತ್ತು, ಗುಂಡಿಯನ್ನು ವೋಲ್ಟಿಗೆ ತಿರುಗಿಸಿ, ಮೀಟರಿನ ಕಡ್ಡಿಗಳನ್ನು ಗೋಡೆಯ ಸಾಕೆಟ್ಟಿನತ್ತ ಒಯ್ದಳು. ಒಳಗೆ ಒಂದು ಮರಿಯ ದನಿ ನಿಂತುಹೋದಂತಾಯಿತು. ಬೇಗ, ಬೇಗ.

"ಪುಟ್ಟಿ! ಕೈ ತೆಗಿ!" ಅತ್ತಿಗೆ ಕೂಗಿದಳು.

ಕಡ್ಡಿಗಳು ಸಾಕೆಟ್ಟಿನ ಬಾಯಲ್ಲೇ ನಿಂತವು. ನಾದಿನಿ ಮೀಟರು ನೋಡಿದಳು. ಕೆಂಪು ವೈರು ಇನ್ನೂ ಆಂಪಿಯರಿನ ತೂತಿನಲ್ಲೇ ಇತ್ತು.

ಹಿಂದಕ್ಕೆ ಸರಿದಳು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ತಾನೇ ಎಷ್ಟು ಜನಕ್ಕೆ ಹೇಳಿಲ್ಲ! ಈಗ ಮಾತು ಬರುತ್ತದೆ, ನೆಂಟರೆದುರು ಆಡಿದ ಅದೇ ಮಾತು, ಎಂದು ತಲೆ ತಗ್ಗಿಸಿ ಕಾದಳು.

"ಕೂತ್ಕೋ. ನೀರು ಕುಡಿ ಮೊದಲು," ಎಂದಳು ಅತ್ತಿಗೆ. ಚೊಂಬನ್ನು ಮುಂದೆ ಹಿಡಿದಳು.

"ಮರಿಗಳು..."

"ಹೋದ್ರೆ ಹೋಗ್ಲಿ. ಮೊಟ್ಟೆ ಇನ್ನೊಂದ್ಸಲ ಇಡಬಹುದು."

ನೀರು ಕುಡಿದು, ಕೆಂಪು ವೈರನ್ನು ಕಿತ್ತು ಸರಿಯಾದ ತೂತಿಗೆ ಹಾಕಿ, ಈ ಸಲ ಬಾಯಿಬಿಟ್ಟು ಒಂದೊಂದನ್ನೇ ಹೇಳಿಕೊಳ್ಳುತ್ತ ಮೊದಲು ಸಾಕೆಟ್ಟನ್ನು, ಆಮೇಲೆ ಫ್ಯಾನಿನ ವೈರನ್ನು ನೋಡಿದಳು. ಅತ್ತಿಗೆ ಪ್ರತಿಯೊಂದಕ್ಕೂ "ಹ್ಞೂಂ" ಎಂದಳು. ಫ್ಯಾನಿನ ನಡುಗಂಬಿಗೆ ಹಳೆಯ ಮರಿಗಳ ತುಪ್ಪಳ ಹಗ್ಗದಂತೆ ಸುತ್ತಿಕೊಂಡಿತ್ತು. ಬಿಡಿಸಿ, ಎಣ್ಣೆ ಬಿಟ್ಟು, ವೈರು ಕೂಡಿಸಿ, ಹೊಸ ಫ್ಯೂಸು ಹಾಕಿದಾಗ ಫ್ಯಾನು ಗೊಣಗದೆ ತಿರುಗಿತು.

ಮೂಲೆಯ ಕೆಲವು ಮೊಟ್ಟೆಗಳು ಮಿಸುಕಲೇ ಇಲ್ಲ. ನಡುವಿನದೊಂದು ಇಬ್ಭಾಗವಾಗಿ, ಒದ್ದೆ ಮರಿಯೊಂದು ಹೊರಕ್ಕುರುಳಿ ಏದುಸಿರು ಬಿಡುತ್ತ ಬಿದ್ದುಕೊಂಡಿತು. ಅತ್ತಿಗೆ ಗಾಜಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿ, ನಾದಿನಿಗೂ ಕಾಣುವಂತೆ ಪಕ್ಕಕ್ಕೆ ಸರಿದು ಕುಳಿತಳು.