ಕುತ್ತಿಗೆಯ ಚಾಕು

ರೋಹಿಣಿ ಕೆಲಸಕ್ಕಿರುವ ಅಂಗಡಿಯೊಂದನ್ನು ಬಿಟ್ಟು ವೆಂಕಟ್ರಮಣ ಶಿರಸಿ ಪೇಟೆಯನ್ನೆಲ್ಲ ತಿರುಗಿದ್ದ. ಅವನಿಗೆ ಬೇಕಾಗಿದ್ದು ಕುತ್ತಿಗೆಗೆ ಹಾಕಿಕೊಳ್ಳುವಂಥ ಸಣ್ಣ ಚಾಕು. ಒಬ್ಬ ಹಣ್ಣು ಹೆಚ್ಚುವ ಚಾಕು ತೋರಿಸಿದ. ಇನ್ನೊಬ್ಬ, "ಎಂತ ಮಾರಾಯಾ, ಯಾರ ಮೇಲೆ ಸಿಟ್ಟು?" ಎಂದು ನಕ್ಕ. ಕಡೆಗೆ ಎಲ್ಲರೂ ತೋರಿಸಿದ್ದು ಬಲೆ, ಗಾಳ, ಹಗ್ಗ, ಕತ್ತಿ ಮಾರುವ ಆ ಒಂದೇ ಅಂಗಡಿಯನ್ನು.

ರೋಹಿಣಿ ಅವನ ಗೆಳೆಯ ವಿಶ್ವೇಶ್ವರನ ಹೆಂಡತಿ. ವಿಶ್ವೇಶ್ವರ ಈಗಿಲ್ಲ.

ಅವರ ಊರು ಹುಲಗೋಳದ ಆಸುಪಾಸಿನಲ್ಲಿ ಯಾರಾದರೂ ಹೊಳೆಯಲ್ಲಿ ಮುಳುಗಿದರೆ ಪೊಲೀಸರು ಮೊದಲು ಫೋನ್ ಮಾಡುತ್ತಿದ್ದುದು ಈ ಇಬ್ಬರಿಗೇ. ಗದ್ದೆಕೆಲಸ ಅರ್ಧಕ್ಕೇ ಬಿಟ್ಟು ಓಡುತ್ತಿದ್ದರು. ಬದುಕಿಸಿದ್ದು ಕಡಿಮೆ, ಹೆಣ ಎತ್ತಿದ್ದೇ ಹೆಚ್ಚು. ಕಳೆದ ವರ್ಷ ಪ್ರವಾಸಕ್ಕೆ ಬಂದವನೊಬ್ಬನನ್ನು ಹುಡುಕುತ್ತ ಮಡುವಿಗಿಳಿದಾಗ, ಯಾರೋ ಬಿಟ್ಟುಹೋಗಿದ್ದ ಹಳೇ ಬಲೆ ವಿಶ್ವೇಶ್ವರನ ಕಾಲಿಗೆ, ಸೊಂಟಕ್ಕೆ, ಒಂದು ಕೈಗೆ ಸುತ್ತಿಕೊಂಡಿತು. ಗದ್ದೆಕೆಲಸದ ಕತ್ತಿಗಳು ದಡದ ಮೇಲಿದ್ದವು. ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಯಾರು ಈಜುತ್ತಾರೆ? ವೆಂಕಟ್ರಮಣ ಉಗುರಿನಿಂದ ಎಳೆದ, ಹಲ್ಲಿನಿಂದ ಕಡಿದ, ಉಸಿರಿಗೆಂದು ಮೇಲೆ ಬಂದು ಮತ್ತೆ ಮುಳುಗಿದ. ನೈಲಾನು ಹರಿಯಲಿಲ್ಲ. ವಿಶ್ವೇಶ್ವರನ ಇನ್ನೊಂದು ಕೈ ಅವನ ತೋಳನ್ನು ಬಿಗಿಯಾಗಿ ಹಿಡಿದಿತ್ತು. ಆಮೇಲೆ ಹಿಡಿತ ಸಡಿಲಾಯಿತು.

ಇನ್ನು ನೀರಿಗಿಳಿಯುವುದಿಲ್ಲವೆಂದು ಹೆಂಡತಿ ಗಂಗೆ ಅವನಿಂದ ಮಾತು ತೆಗೆದುಕೊಂಡಳು. ಈ ಸಲ ಮಳೆ ನಿಂತದ್ದೇ ಮತ್ತೆ ಫೋನ್ ಬಂತು. ಅವನು ಹೋಗಲಿಲ್ಲ. ಹೆಣ ಸಿಗುವವರೆಗೂ ಮುಳುಗಿದವನ ತಾಯಿ ದಡ ಬಿಟ್ಟು ಏಳಲೇ ಇಲ್ಲವೆಂದು ಊರವರು ಹೇಳಿದ್ದನ್ನು ಕೇಳಿದ ಮೇಲೆ ಅವನಿಗೆ ಅನ್ನ ಸೇರದಾಯಿತು.

ಅಂಗಡಿಯಲ್ಲಿ ರೋಹಿಣಿ ಅವನನ್ನು ಕಂಡು ಸ್ಟೂಲು ಸರಿಸಿದಳು.

"ಬನ್ನಿ ಅಣ್ಣ. ಪೇಟೆಲೆಲ್ಲ ಚಾಕು ಕೇಳ್ತಾ ಇದ್ರಂತೆ. ಇಲ್ಲಿಗೆ ಬರೂಕೆ ಎಂತಕ್ಕೆ ಹೆದ್ರಿಕೆ?"

ಅವನು ತಲೆ ತಗ್ಗಿಸಿ ಕೂತ. ಅವಳು ಗಾಜಿನ ಮೇಲೆ ಒಂದೊಂದೇ ತಂದಿಟ್ಟಳು.

"ಮಡಚೂದು ಬ್ಯಾಡ," ಎಂದ. "ಅದನ್ನ ಬಿಡಿಸೂಕೆ ಎರಡು ಕೈ ಬೇಕು. ಅಲ್ಲಿ ಒಂದೇ..." ಯಾರ ಕೈಯೆಂಬುದು ಇಬ್ಬರಿಗೂ ಗೊತ್ತಿತ್ತು.

ಚೂಪು ಮೊನೆಯದನ್ನು ರೋಹಿಣಿಯೇ ತೆಗೆದಿಟ್ಟಳು. "ಇದೂ ಬ್ಯಾಡ. ಒದ್ದಾಡೋರಿಗೆ ಚುಚ್ಚಿಹೋದ್ರೆ?"

ಉಳಿದದ್ದು ಬೆರಳುದ್ದದ, ಮೊಂಡು ಮೊನೆಯ ಚಾಕು. ಕುತ್ತಿಗೆಗೆ ಹಾಕಿಕೊಂಡರೆ ಒರೆಯ ಬಾಯಿ ಕೆಳಗಾಗಿ ಎದೆಯ ಮೇಲೆ ತೂಗುತ್ತಿತ್ತು. ಯಾವ ಕೈಯಿಂದ ಜಗ್ಗಿದರೂ ಬರಬೇಕು. ರೋಹಿಣಿ ಒಳಗಿನಿಂದ ಒಂದು ತುಂಡು ಬಲೆ ತಂದು ಅವನ ಬಲಗೈಗೆ ಮೊಣಕೈವರೆಗೂ ಸುತ್ತಿದಳು.

"ಕಣ್ಣು ಮುಚ್ಚಿ. ಎಡಗೈಲಿ ಕೊಯ್ದು ನೋಡಿ."

ಮೊದಲ ಸಲ ಚಾಕು ಒರೆ ಬಿಡಲಿಲ್ಲ. ಮತ್ತೆ ಜಗ್ಗಿದ. ಬಲೆ ಸರ್ರನೆ ಸೀಳಿಹೋಯಿತು. ಕಣ್ಣು ತೆರೆದಾಗ ಎಳೆಗಳು ನೆಲದ ಮೇಲೆ ಬಿದ್ದಿದ್ದವು. ರೋಹಿಣಿ ಆ ಎಳೆಗಳನ್ನೇ ನೋಡುತ್ತಿದ್ದಳು.

"ಇಷ್ಟು ಸಲೀಸಾ?" ಎಂದಳು. ಮತ್ತೆ, ಇನ್ನೂ ಸಣ್ಣ ದನಿಯಲ್ಲಿ, "ಇಷ್ಟು ಸಲೀಸಾ ಅಣ್ಣ?"

ಅವಳು ಒಳಗೆ ಹೋದಳು. ನಲ್ಲಿಯ ಸದ್ದು ತುಂಬ ಹೊತ್ತು ಕೇಳಿಸಿತು. ಮುಖ ತೊಳೆದು ಬಂದವಳು ಚಾಕುವಿನ ಗಟ್ಟಿ ದಾರ ಬಿಚ್ಚಿ ಹತ್ತಿಯ ತೆಳುದಾರ ಪೋಣಿಸಿದಳು. "ಎಲ್ಲಾದ್ರೂ ಸಿಕ್ಕಿಬಿದ್ರೆ ಇದು ಹರಿಬೇಕು. ಇಲ್ದಿದ್ರೆ ನಿಮಗೇ ಉರುಲು."

ಮನೆಯಲ್ಲಿ ಗಂಗೆ ಅದನ್ನು ನೋಡಿ ಕೈಯಲ್ಲಿದ್ದ ಕೆಲಸ ನಿಲ್ಲಿಸಿದಳು.

"ಮಾತು ಕೊಟ್ಟಿದ್ರಿ."

"ಸುಮ್ನೆ ತಂದೆ ಅಷ್ಟೆ. ಇರ್ಲಿ ಅಂತ."

"ಸುಮ್ನೆ ಇಡೂಕೆ ಅಂಥಾ ಚಾಕು ಯಾರೂ ತರೂದಿಲ್ಲ," ಎಂದವಳು ಆಮೇಲೆ ಅದರ ಸುದ್ದಿಯೆತ್ತಲಿಲ್ಲ.

ಮುಂದಿನ ಫೋನ್ ಒಂದು ಮಧ್ಯಾಹ್ನ ಬಂತು. ಹೊಳೆ ದಾಟುವಾಗ ಯಾರೋ ಕಾಲು ಜಾರಿದ್ದರು. ವೆಂಕಟ್ರಮಣ ಚಾಕು ಹಾಕಿಕೊಂಡು ಹೊರಬಂದಾಗ ಗಂಗೆ ಬೈಕಿನ ಹತ್ತಿರ ನಿಂತಿದ್ದಳು.

"ನಾನೂ ಬರ್ತೆ."

ಸೊಂಟಮಟ್ಟದ ನೀರಿನವರೆಗೆ ಅವನು ಇಳಿದ. ಅಲ್ಲಿಂದ ಮುಂದೆ ಕಾಲು ಏಳಲಿಲ್ಲ. ನೀರು ತಣ್ಣಗಿತ್ತು, ಅವನ ಮೈಯೆಲ್ಲ ಬೆವರುತ್ತಿತ್ತು. ಆಗಲೇ ಮುಳುಗಿ ಹುಡುಕುತ್ತಿದ್ದ ಪಕ್ಕದೂರಿನ ಈಜುಗಾರ ಶಶಾಂಕ ಮೇಲೆ ಬಂದು ಏದುಸಿರು ಬಿಟ್ಟ. "ಸಿಕ್ಕಿದ ಅಣ್ಣ, ಜೀವ ಇಲ್ಲ. ಪ್ಯಾಂಟು ಮರದ ಬೇರಿಗೆ ಸಿಕ್ಕಿಹಾಕ್ಕೊಂಡದೆ. ಎಳೆದ್ರೆ ಬರೂದಿಲ್ಲ."

ವೆಂಕಟ್ರಮಣ ಮುಂದಕ್ಕೆ ಬಾಗಿದ. ತೋಳಿನ ಮೇಲೆ ಯಾರೋ ಹಿಡಿದಂತಾಯಿತು. ಅವನು ಚಾಕು ತೆಗೆದು ಶಶಾಂಕನ ಕುತ್ತಿಗೆಗೆ ಹಾಕಿದ.

"ಕೆಳಕ್ಕೆ ಜಗ್ಗು, ಬರ್ತದೆ. ಮೊದ್ಲು ನಿನ್ನ ಕಾಲು ನೋಡ್ಕೋ. ಉಸಿರು ಸಾಲದೆ ಹೋದ್ರೆ ಬಿಟ್ಟು ಬಂದ್ಬಿಡು. ಹೆಣ ಎಲ್ಲೂ ಹೋಗೂದಿಲ್ಲ."

ಶಶಾಂಕ ಮುಳುಗಿದ. ವೆಂಕಟ್ರಮಣನೂ ತನಗರಿವಿಲ್ಲದೆ ಉಸಿರು ಕಟ್ಟಿ ನಿಂತ. ಕಣ್ಣಿಗೆ ಕತ್ತಲೆ ಕವಿಯುವಷ್ಟರಲ್ಲಿ ನೀರು ಒಡೆದು ಶಶಾಂಕನ ತಲೆ ಕಂಡಿತು, ಅದರ ಹಿಂದೆ ಒಂದು ಅಂಗಿ. ದಡದಲ್ಲಿ ಹೆಂಗಸೊಬ್ಬಳ ಕೂಗು ಎದ್ದಿತು.

ಆಗಲೇ ಅವನಿಗೆ ಗೊತ್ತಾದದ್ದು, ಗಂಗೆ ಸೀರೆಯ ಸಮೇತ ನೀರಿಗಿಳಿದು ಅವನ ಮೊಣಕೈ ಹಿಡಿದು ನಿಂತಿದ್ದಾಳೆಂದು.

"ನನ್ ಹತ್ರ ಆಗ್ಲಿಲ್ಲ," ಎಂದ.

"ನೋಡ್ದೆ."

"ಆ ಶಶಾಂಕಂಗೆ ಇನ್ನು ಮುಂದೆ ಮೇಲೆ ನಿಂತು ಹೇಳೂಕೆ ಯಾರಾದ್ರೂ ಬೇಕಲ್ಲ."

ಗಂಗೆ ಒದ್ದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಸೊಂಟದವರೆಗೆ," ಎಂದಳು. "ಅದ್ರ ಮೇಲೆ ನೀರು ಬಂದ್ರೆ ನಾ ಕೇಳೂದಿಲ್ಲ." ಅವನನ್ನು ಹಿಡಿದುಕೊಂಡೇ ದಡದತ್ತ ನಡೆದಳು, ಕಲ್ಲುಗಳು ಜಾರುತ್ತಿದ್ದವು.