ಇಪ್ಪತ್ತೇಳರ ಬಿಲ್ಲೆ, ಅರವತ್ತೊಂದರ ಬಿಲ್ಲೆ

ಎಂಬತ್ತನಾಲ್ಕು ಡ್ರೈವರುಗಳು, ಎಂಬತ್ತನಾಲ್ಕು ಕಾಗದಗಳು. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ ಎಂದು ಅಂದು ಬೆಳಿಗ್ಗೆ ನಾನು ಬೀಗಿದ್ದೇ ಬೀಗಿದ್ದು.

ನನಗಿಂತ ಮೊದಲು ಡಿಪೋ ಕಚೇರಿಯ ಈ ಕುರ್ಚಿಯಲ್ಲಿದ್ದ ಗುಮಾಸ್ತರು ಕಣ್ಣಿನ ತಪಾಸಣೆಯ ಕಾಗದಗಳನ್ನು ಒಂದೊಂದಾಗಿ ಟೈಪ್ ಮಾಡಿ ನಾಲ್ಕು ದಿನ ತಳ್ಳುತ್ತಿದ್ದರು. ನನಗೆ ಅಷ್ಟು ತಾಳ್ಮೆಯಿಲ್ಲ. ಕಾಗದದ ನಮೂನೆ ಒಂದನ್ನು ಮಾಡಿ, ಹೆಸರು ಬರಬೇಕಾದ ಕಡೆ ಒಂದು ಖಾಲಿ ಜಾಗ, ಫಲಿತಾಂಶ ಬರಬೇಕಾದ ಕಡೆ ಇನ್ನೊಂದು ಖಾಲಿ ಜಾಗ ಬಿಟ್ಟು, ಡೇಟಾಬೇಸಿನ ಎರಡು ಪಟ್ಟಿಗಳನ್ನು ಅದಕ್ಕೆ ಜೋಡಿಸಿದೆ. ಒಂದು ನಮ್ಮ ಸಿಬ್ಬಂದಿ ಪಟ್ಟಿ. ಅದರಲ್ಲಿ ಹೆಸರು, ವಿಳಾಸ, ಬಿಲ್ಲೆಯ ನಂಬರು. ಇನ್ನೊಂದು ಕಣ್ಣಿನ ಡಾಕ್ಟರು ಕಳಿಸಿದ್ದು. ಹೆಸರು ಕಂಡರೆ ಶಿಫಾರಸು ಶುರುವಾಗುತ್ತದೆಂದು ಆ ಪುಣ್ಯಾತ್ಮರು ಯಾರ ಹೆಸರನ್ನೂ ಬರೆಯುವುದಿಲ್ಲ. ಎದೆಯ ಮೇಲಿನ ಹಿತ್ತಾಳೆ ಬಿಲ್ಲೆ ನೋಡಿ ನಂಬರು ಬರೆದು, ಮುಂದೆ ಅರ್ಹ ಅಥವಾ ಅನರ್ಹ ಎಂದು ಗುರುತು ಮಾಡುತ್ತಾರೆ. ಈ ಪಟ್ಟಿಯ ಬಿಲ್ಲೆ ನಂಬರಿಗೆ ಆ ಪಟ್ಟಿಯ ಬಿಲ್ಲೆ ನಂಬರು ಹೊಂದಿಸಿ ಗುಂಡಿ ಒತ್ತಿದೆ. ಕಾಫಿ ಕುಡಿದು ಬರುವಷ್ಟರಲ್ಲಿ ಎಂಬತ್ತನಾಲ್ಕೂ ಅಚ್ಚಾಗಿ ಬಿದ್ದಿದ್ದವು. ಮ್ಯಾನೇಜರ್ ಸಾಹೇಬರು ಒಂದನ್ನೂ ಓದದೆ ಎಲ್ಲದಕ್ಕೂ ಸಹಿ ಹಾಕಿದರು.

ನಾನೂ ಎಲ್ಲವನ್ನೂ ಓದಲಿಲ್ಲ. ರಾಶಿಯಲ್ಲಿ ಒಂದನ್ನು ಮಾತ್ರ ಹುಡುಕಿ ತೆಗೆದೆ. ಅದು ನನ್ನ ಗಂಡನದು. ಅರ್ಹ ಎಂದಿತ್ತು. ಎರಡು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಂತಾಯಿತು.

ಆ ಎರಡು ತಿಂಗಳ ವಿಷಯ ಹೇಳಿಬಿಡುತ್ತೇನೆ. ಅವರು ಚಹದ ಲೋಟವನ್ನು ಮೇಜಿನ ಅಂಚಿನಾಚೆ ಇಟ್ಟು ಒಡೆದಿದ್ದರು. ಮೆಟ್ಟಿಲು ಇಳಿಯುವಾಗ ಕಾಲಿನಿಂದ ತಡಕುತ್ತಿದ್ದರು. ಕೇಳಿದರೆ ಸಿಡುಕುತ್ತಿದ್ದರು. ತಪಾಸಣೆಯ ವಾರ ಮಾತ್ರ ಮೆತ್ತಗಾಗಿ, ಕಚೇರಿಯಲ್ಲಿರುವ ಅಕ್ಷರದ ಹಲಗೆಯನ್ನು ಬರೆದುಕೊಂಡು ಬಾ, ಸ್ವಲ್ಪ ಅಭ್ಯಾಸ ಮಾಡಬೇಕು ಎಂದರು. ಕಣ್ಣಿಗೆ ಎಂಥ ಅಭ್ಯಾಸ ಎಂದು ನಾನು ಕೇಳಲಿಲ್ಲ. ಬರೆದುಕೊಂಡು ಹೋದೆ. ಅವರು ಗಡ್ಡ ಹೆರೆಯುತ್ತಿದ್ದರೆ ನಾನು ಪಕ್ಕದಲ್ಲಿ ನಿಂತು ಸಾಲು ಸಾಲಾಗಿ ಹೇಳಿಕೊಟ್ಟೆ. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಸ್ಟೇರಿಂಗ್ ಬಿಟ್ಟರೆ ಆ ಮನುಷ್ಯ ಏನಾಗುತ್ತಾರೆಂದು ನನಗೆ ಹೆದರಿಕೆಯಿತ್ತು.

ಮೂರು ಗಂಟೆಗೆ ಕಿಟಕಿ ತೆಗೆದು ಕಾಗದ ಹಂಚಲು ಕೂತೆ. ನನ್ನ ಗಂಡ ಮೊದಲೇ ಬಂದರು. ಕಾಗದವನ್ನು ಹಾಗೆಯೇ ತಮ್ಮ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟರು. ಅವನು ಗಟ್ಟಿಯಾಗಿ ಓದಿ ಬೆನ್ನು ತಟ್ಟಿದ. ಅವರ ಮುಖ ಅರಳುತ್ತದೆಂದು ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಅವರು ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡು ಬಸ್ಸಿನ ಕಡೆ ನಡೆದರು. ನಾಲ್ಕೂ ನಲವತ್ತಕ್ಕೆ ಅವರ ಬಸ್ಸು ಗುಡ್ಡದ ದಾರಿ ಹಿಡಿಯಬೇಕಿತ್ತು.

ನಾಲ್ಕು ಗಂಟೆಗೆ ಮೈದುನ ಬಂದ. ನನ್ನ ಗಂಡನಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಡ್ರೈವರ್ ಆಗಿ ಮೂರು ವರ್ಷವಾಗಿತ್ತು. ಕಾಗದ ಓದಿ ಕಿಟಕಿ ಬಿಟ್ಟು ಕದಲಲಿಲ್ಲ. ಏನಾಯಿತೆಂದು ಕಸಿದು ನೋಡಿದೆ. ಅನರ್ಹ. ಇಂದಿನಿಂದಲೇ ಚಾಲನೆಯ ಕೆಲಸಕ್ಕೆ ಹಾಕತಕ್ಕದ್ದಲ್ಲ.

ನನಗೆ ನಗು ಬಂತು. ಹದ್ದಿನ ಕಣ್ಣಿನ ಹುಡುಗ ಇವನು. ಡಾಕ್ಟರಿಗೇ ಕನ್ನಡಕ ಬೇಕು ಎಂದು ಗೊಣಗುತ್ತ ಡಾಕ್ಟರ ಪಟ್ಟಿಯನ್ನು ತೆರೆದು, ನಮ್ಮ ಪಟ್ಟಿಯಲ್ಲಿ ಅವನ ಹೆಸರಿಗಿದ್ದ ಅರವತ್ತೊಂದನೆಯ ಬಿಲ್ಲೆಯ ಸಾಲು ಹುಡುಕಿದೆ. ಕಾಗದಕ್ಕೆ ನಾನು ಜೋಡಿಸದೆ ಬಿಟ್ಟಿದ್ದ ಒಂದು ಅಂಕಣ ಆ ಸಾಲಿನ ಕೊನೆಯಲ್ಲಿತ್ತು. ಡಾಕ್ಟರು ಅಲ್ಲಿ ಹೀಗೆ ಬರೆದಿದ್ದರು: ‘ಮೊದಲ ಹಲಗೆ ಬಾಯಿಪಾಠ ಮಾಡಿಕೊಂಡು ಬಂದಿದ್ದಾರೆ. ಬೇರೆ ಹಲಗೆ ತೋರಿಸಿದಾಗ ಮೇಲಿನ ಎರಡು ಸಾಲು ಬಿಟ್ಟು ಏನೂ ಕಾಣಲಿಲ್ಲ.’

ಮೈದುನನ ಎದೆ ನೋಡಿದೆ. ಅಲ್ಲಿ ಹೊಳೆಯುತ್ತಿದ್ದ ಬಿಲ್ಲೆ ಇಪ್ಪತ್ತೇಳು.

ಇಪ್ಪತ್ತೇಳು ನಮ್ಮ ಮಾವನವರ ಬಿಲ್ಲೆ. ಅವರು ನಿವೃತ್ತರಾದಾಗ ಹಿರಿಮಗನೆಂದು ನನ್ನ ಗಂಡನ ಎದೆಗೆ ಬಂದಿತ್ತು. ಹೋದ ವರ್ಷ ಮಾವ ತೀರಿಕೊಂಡರು. ಕೊನೆಯ ಮಗ, ಅಪ್ಪನ ಮುದ್ದಿನವನು, ಊಟ ಬಿಟ್ಟು ಮೂಲೆ ಹಿಡಿದಿದ್ದ. ಒಂದು ಬೆಳಿಗ್ಗೆ ಇವರು ತಮ್ಮ ಬಿಲ್ಲೆ ಕಳಚಿ ಅವನ ಅಂಗಿಗೆ ಚುಚ್ಚಿ, ಅವನ ಅರವತ್ತೊಂದನ್ನು ತಾವು ಹಾಕಿಕೊಂಡರು. ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ಕಣ್ಣೊರೆಸಿಕೊಂಡಿದ್ದೆ. ಬಿಲ್ಲೆ ಬದಲಾದರೆ ಕಚೇರಿಗೆ ಅರ್ಜಿ ಕೊಡಬೇಕು. ಆ ಅರ್ಜಿಗಳನ್ನು ತೆಗೆದುಕೊಳ್ಳುವವಳು ನಾನೇ. ಮನೆಯೊಳಗಿನ ವಿಷಯ ಕಚೇರಿಗೇಕೆ ಎಂದು ಸುಮ್ಮನಾಗಿದ್ದೆ. ಸಿಬ್ಬಂದಿ ಪಟ್ಟಿಯಲ್ಲಿ ಇವರು ಇನ್ನೂ ಇಪ್ಪತ್ತೇಳು, ಅವನು ಇನ್ನೂ ಅರವತ್ತೊಂದು. ಅಣ್ಣನ ಕಣ್ಣು ತಮ್ಮನ ಹೆಸರಿಗೆ ಹೋಗಿತ್ತು, ತಮ್ಮನ ಕಣ್ಣು ಅಣ್ಣನ ಹೆಸರಿಗೆ ಬಂದಿತ್ತು. ಲೆಕ್ಕ ಮಾತ್ರ ಎಂಬತ್ತನಾಲ್ಕೇ.

ಈ ಕಾಗದ ನಿನ್ನದಲ್ಲ ಎಂದೆ.

“ಯಾರ್ದು ಅಂತ ನಂಗೂ ಗೊತ್ತು ಅತ್ತಿಗೆ,” ಎಂದ ಅವನು. ಕಿಟಕಿಗೆ ಮುಖ ಹತ್ತಿರ ತಂದ. “ಅಣ್ಣಂಗೆ ಇನ್ನೆರಡೇ ವರ್ಷ. ನಂಗೆ ಎಲ್ಲಾದ್ರೂ ಕೆಲಸ ಸಿಗುತ್ತೆ. ಇದು ನಂದೇ ಅಂತ ಇಟ್ಕೊಳ್ತೀನಿ. ನೀವು ಬಿಟ್ಬಿಡಿ.”

ಬಿಲ್ಲೆ ಕಳಚಿ ನನ್ನ ಮುಂದಿಟ್ಟ. ಮಾವನವರ ಬೆರಳು ತಾಗಿ ತಾಗಿ ಅದರ ಅಂಚು ನುಣುಪಾಗಿತ್ತು.

ಬಿಟ್ಟುಬಿಡಬಹುದಿತ್ತು. ಈ ವಿಷಯ ಗೊತ್ತಿದ್ದವರು ನಾವಿಬ್ಬರೇ. ಸುಳ್ಳೇಕೆ, ನನ್ನ ಮನಸ್ಸು ಒಂದು ಗಳಿಗೆ ಆ ಕಡೆಗೇ ವಾಲಿತು. ಎರಡು ವರ್ಷ ಹೇಗೋ ತಳ್ಳಿದರಾಯಿತು, ಇಷ್ಟು ದಿನ ಏನಾಗಿದೆ ಎಂದುಕೊಂಡೆ. ಅಂಗಳದಾಚೆ ಇವರ ಬಸ್ಸು ತುಂಬುತ್ತಿತ್ತು. ಒಬ್ಬಳು ಕೂಸನ್ನು ಎತ್ತಿ ಕಿಟಕಿಯಿಂದ ಒಳಗಿದ್ದ ತನ್ನ ಗಂಡನ ಕೈಗೆ ಕೊಟ್ಟಳು. ಒಬ್ಬ ಮುದುಕ ಇವರನ್ನು ತಡೆದು ಚೀಟಿ ತೋರಿಸಿ ಏನೋ ಕೇಳಿದ. ಇವರು ಚೀಟಿಯನ್ನು ಹಿಂದೆ ಮುಂದೆ ಮಾಡಿ, ಕಂಡಕ್ಟರನನ್ನು ಕೇಳು ಎಂದು ಕೈ ತೋರಿಸಿದರು. ಆಮೇಲೆ ಟೈರುಗಳನ್ನು ನೋಡುತ್ತ ಬಸ್ಸು ಸುತ್ತಿದರು. ನೋಡುತ್ತಿರಲಿಲ್ಲ. ಒಂದೊಂದನ್ನೂ ಕೈಯಿಂದ ಮುಟ್ಟಿ ತಿಳಿದುಕೊಳ್ಳುತ್ತಿದ್ದರು.

ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತು. ಕಿಟಕಿ ಮುಚ್ಚಿದೆ.

ಸಿಬ್ಬಂದಿ ಪಟ್ಟಿಯಲ್ಲಿ ಇವರ ಹೆಸರಿನ ಮುಂದೆ ಅರವತ್ತೊಂದು, ಮೈದುನನ ಹೆಸರಿನ ಮುಂದೆ ಇಪ್ಪತ್ತೇಳು ಬರೆದೆ. ಅವಸರದಲ್ಲಿ ಒಮ್ಮೆ ಅರವತ್ತೊಂದು ಹದಿನಾರು ಎಂದಾಯಿತು. ಅಳಿಸಿ ಮತ್ತೆ ಬರೆದೆ. ಈ ಸಲ ಎರಡೇ ಕಾಗದ. ಅಚ್ಚಿನ ಯಂತ್ರ ಹಾಳೆ ಹಿಡಿದುಕೊಂಡು ನಿಂತುಬಿಟ್ಟಿತು. ಮುಚ್ಚಳ ತೆರೆದು ಎಳೆದು ಹಾಕಿ, ಮತ್ತೆ ಒತ್ತಿ, ಅದಕ್ಕೆ ಬಾಯಿಗೆ ಬಂದಂತೆ ಬೈದೆ. ಬಿಸಿಯಾಗಿಯೇ ಇದ್ದ ಹಾಳೆಗಳನ್ನು ಸಾಹೇಬರ ಮುಂದಿಟ್ಟು, ತಪ್ಪು ನನ್ನದು, ಬಿಲ್ಲೆ ಬದಲಾದದ್ದು ಗೊತ್ತಿದ್ದೂ ಬರೆಯಲಿಲ್ಲ, ಹಂಚದೆ ಉಳಿದ ಕಾಗದಗಳನ್ನು ಎದೆಯ ಬಿಲ್ಲೆ ನೋಡಿಯೇ ಕೊಡಬೇಕು, ಹಂಚಿದ್ದನ್ನೂ ಮತ್ತೆ ನೋಡಬೇಕು ಎಂದೆ. ಅವರು ಹೆಸರು ಓದಿದರು, ನನ್ನ ಮುಖ ನೋಡಿದರು. ಸಹಿ ಹಾಕಿ, ಆ ಬಸ್ಸಿಗೆ ತಮ್ಮನನ್ನೇ ಹತ್ತಿಸಿ ಎಂದರು.

ಅಂಗಳ ದಾಟುವಷ್ಟರಲ್ಲಿ ಇಂಜಿನ್ ಶುರುವಾಗಿತ್ತು. ಡ್ರೈವರ್ ಬಾಗಿಲ ಕೆಳಗೆ ನಿಂತು ಕಾಗದ ಚಾಚಿದೆ. ಮೈದುನ ನನ್ನ ಹಿಂದೆಯೇ ಬಂದು, ಬೇಡ ಅತ್ತಿಗೆ, ಬೇಡ ಎನ್ನುತ್ತಿದ್ದ. ಇವರು ಕಾಗದದ ಕಡೆ ಕೈ ಚಾಚಲೇ ಇಲ್ಲ.

“ನೀನೇ ಓದು,” ಎಂದರು.

ಓದಿದೆ. ಅನರ್ಹ ಎಂಬುದನ್ನೂ ಬಿಡದೆ ಕೊನೆಯವರೆಗೂ ಓದಿದೆ. ಆಗ ಕೊಟ್ಟದ್ದು ತಮ್ಮನದು ಎಂದೂ ಹೇಳಿದೆ. ಅವರು ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಮುಂದಿನ ಗಾಜನ್ನೇ ನೋಡುತ್ತಿದ್ದರು. ಆಮೇಲೆ ಕೀಲಿ ತಿರುಗಿಸಿದರು. ಇಂಜಿನ್ ನಿಂತಿತು.

“ಅಕ್ಷರ ಹೇಳ್ಕೊಟ್ಟೋಳೂ ನೀನೇ,” ಎಂದರು. “ಇದನ್ನ ಓದಿದೋಳೂ ನೀನೇ.”

ನಾಚಿಕೆಯೂ ದುಃಖವೂ ಒಟ್ಟಿಗೇ ನುಗ್ಗಿ ಬಂದವು. ಅವರು ಬಾಗಿಲು ತೆರೆದು ಕಾಲಿನಿಂದ ಮೆಟ್ಟಿಲು ತಡಕಿದರು. ಸಿಗಲಿಲ್ಲ. ಮೈದುನ ಅವರ ಪಾದ ಹಿಡಿದು ಮೆಟ್ಟಿಲ ಮೇಲಿಟ್ಟ. ಕೆಳಗಿಳಿದವರು ಅವನ ಖಾಲಿ ಅಂಗಿಯನ್ನು ಸವರಿ, ಬಿಲ್ಲೆ ಎಲ್ಲಿ ಎಂದು ಗದರಿದರು. ನನ್ನ ಮುಷ್ಟಿಯಲ್ಲಿದ್ದ ಇಪ್ಪತ್ತೇಳನ್ನು ಕೊಟ್ಟೆ. ಸೂಜಿಯ ತುದಿ ಸಿಗದೆ ಎರಡು ಸಲ ತಮ್ಮ ಬೆರಳನ್ನೇ ಚುಚ್ಚಿಕೊಂಡರು. ನಾವಿಬ್ಬರೂ ಕೈ ಹಾಕಲಿಲ್ಲ. ಮೂರನೆಯ ಸಲಕ್ಕೆ ಬಿಲ್ಲೆ ಕೂತಿತು.

“ಎರಡನೇ ತಿರುವಿನಲ್ಲಿ ಹಾರ್ನ್ ಹೊಡಿ,” ಎಂದರು ತಮ್ಮನಿಗೆ. “ಎದುರಿಂದ ಬರೋದು ನಂಗೆ ಆರು ತಿಂಗಳಿಂದ ಕಂಡಿಲ್ಲ.”

ಬಸ್ಸು ನಾಲ್ಕೂ ನಲವತ್ತಕ್ಕೆ ಸರಿಯಾಗಿ ಹೊರಟಿತು. ಅದರ ಸದ್ದು ಗೇಟು ದಾಟುವವರೆಗೂ ಅವರು ಕಿವಿಗೊಟ್ಟು ನಿಂತರು. ನಡೀರಿ ಎಂದೆ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ನಾಲ್ಕು ಜನರ ಮುಂದೆ ನನ್ನನ್ನು ಮುಟ್ಟದ ಮನುಷ್ಯ ನನ್ನ ಭುಜದ ಮೇಲೆ ಕೈಯಿಟ್ಟರು. ಅಂಗಳ ದಾಟುವವರೆಗೂ ತೆಗೆಯಲಿಲ್ಲ.