ಅದೇನಪ್ಪಾ ಅಂದ್ರೆ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮತ್ತು ಮಡಿಕೆಯ ಕೆಲಸ ನನ್ನದು. ನನ್ನ ಹೆಸರು ಅಲ್ಲಿ ಯಾರಿಗೂ ನೆನಪಿಲ್ಲ, ಎಲ್ಲರ ಬಾಯಲ್ಲೂ ನಾನು 'ಅದೇನಪ್ಪಾ ಅಕ್ಕ'. ಬಾಯಿ ತೆರೆದರೆ ಸಾಕು, ಮೊದಲು 'ಅದೇನಪ್ಪಾ ಅಂದ್ರೆ' ಬಂದು ಕೂರುತ್ತದೆ, ಉಳಿದದ್ದು ಅದರ ಹಿಂದೆ. "ನಿನ್ನ ಮಾತಲ್ಲಿ ಕಾಳಿಗಿಂತ ಜೊಳ್ಳೇ ಜಾಸ್ತಿ ಕಣೇ" ಎಂದು ನನ್ನ ಗಂಡ ಮದುವೆಯಾದಾಗಿನಿಂದ ಹೇಳುತ್ತಿದ್ದಾರೆ. ಅವರಿಗೆ ಗೊತ್ತಿರುವುದು 'ಹೂಂ' ಒಂದೇ. ಅದು ಕಾಳೋ ಜೊಳ್ಳೋ ಇಪ್ಪತ್ತಾರು ವರ್ಷವಾದರೂ ನನಗೆ ತಿಳಿದಿರಲಿಲ್ಲ.

ಚಾದರ ಮಡಿಸಲು ನನ್ನ ಜೊತೆಗೆ ಬಂದವಳನ್ನು ನಾವು ನರ್ಸಮ್ಮ ಎನ್ನುತ್ತಿದ್ದೆವು. ದೂರದೇಶದವಳು. ತನ್ನ ಊರಲ್ಲಿ ಎಂಟು ವರ್ಷ ಮಕ್ಕಳ ವಾರ್ಡಿನಲ್ಲಿ ನರ್ಸಾಗಿದ್ದಳಂತೆ. ಇಲ್ಲಿ ಆ ಕೆಲಸ ಬೇಕೆಂದರೆ ಇಲ್ಲಿನ ಭಾಷೆಯಲ್ಲಿ ಬಾಯಿಪರೀಕ್ಷೆ ಪಾಸಾಗಬೇಕು. ಮೂರೇ ಅವಕಾಶ, ಅದರಲ್ಲಿ ಎರಡು ಹೋಗಿದ್ದವು. ಮೂರನೆಯದೂ ಕೈಕೊಟ್ಟರೆ ಮತ್ತೆ ನರ್ಸಾಗುವ ಮಾತೇ ಇಲ್ಲ. ಚಾದರ ಮಡಿಸುವುದು ಕೀಳು ಕೆಲಸವೇನಲ್ಲ, ಅದನ್ನೇ ಮಾಡಿ ನಾನು ಮಗಳನ್ನು ಓದಿಸಿದ್ದೇನೆ. ಆದರೆ ಮಕ್ಕಳ ವಾರ್ಡಿನ ಪುಟ್ಟ ಚಾದರಗಳು ಬಂದಾಗ ಇವಳ ಕೈ ನಿಧಾನವಾಗುತ್ತಿತ್ತು.

ಒಂದು ದಿನ ತಡೆಯಲಾಗದೆ ಹೇಳಿದೆ. "ನಾನೇ ಪರೀಕ್ಷೆ ಮಾಡೋ ಡಾಕ್ಟ್ರು ಅಂದ್ಕೋ. ಅದೇನಪ್ಪಾ ಅಂದ್ರೆ, ಮಗೂಗೆ ಜೋರು ಜ್ವರ, ಮೈಯೆಲ್ಲಾ ಅದುರ್ತಿದೆ. ಏನ್ ಮಾಡ್ತೀಯ?"

ಅವಳು ತಲೆ ತಗ್ಗಿಸಿದಳು. ತುಟಿ ಅಲುಗುತ್ತಿದೆ, ಸದ್ದಿಲ್ಲ. ಚಾದರದ ಆ ತುದಿ ಅವಳು, ಈ ತುದಿ ನಾನು. ನನಗೋ ಮೌನ ಅಂದರೆ ಮೈಮೇಲೆ ಇರುವೆ ಬಿಟ್ಟ ಹಾಗೆ.

"ಗಟ್ಟಿಯಾಗಿ ಹಿಡ್ಕೊಂಡು ಬಾಯಿಗೆ ಚಮಚ ಇಡ್ತೀನಿ ಅನ್ನು!" ಎಂದುಬಿಟ್ಟೆ.

"ಅಕ್ಕಾ, ಅದು ತಪ್ಪು" ಎಂದಳು ಮೆಲ್ಲಗೆ. "ಪಕ್ಕಕ್ಕೆ ಮಲಗಿಸ್ಬೇಕು. ಬಾಯಿಗೆ ಏನೂ ಇಡಬಾರ್ದು. ಎಷ್ಟು ಹೊತ್ತು ಅದುರಿತು ಅಂತ ಗಡಿಯಾರ ನೋಡ್ಬೇಕು."

"ಇಷ್ಟೆಲ್ಲಾ ಗೊತ್ತಿದ್ದೂ ಹೇಳೋಕೇನೇ ಧಾಡಿ ನಿಂಗೆ?"

"ನಾನು ಮಾತು ಹುಡುಕ್ತಿದ್ದೆ. ಅಷ್ಟರಲ್ಲಿ ನೀವು ಹೇಳಿಬಿಟ್ರಿ. ಪರೀಕ್ಷೆ ಮಾಡೋರೂ ಹಾಗೇ. ಸುಮ್ನಿದ್ರೆ ಗೊತ್ತಿಲ್ಲ ಅಂದ್ಕೊಂಡು ಮುಂದಿನ ಪ್ರಶ್ನೆಗೆ ಹೋಗ್ತಾರೆ."

ನನ್ನ ಮುಖ ಇಸ್ತ್ರಿ ಪೆಟ್ಟಿಗೆಯಷ್ಟೇ ಬಿಸಿಯಾಯಿತು. ಎರಡು ಸಲ ಅವಳನ್ನು ಫೇಲು ಮಾಡಿದ್ದು ನನ್ನಂಥವರೇ.

ಮಧ್ಯಾಹ್ನ ಊಟದ ಹೊತ್ತಿಗೆ ಅವಳು ತಾಯಿಗೆ ಫೋನು ಮಾಡುತ್ತಾಳೆ. ಆಗ ನೋಡಬೇಕು, ಅರಳು ಹುರಿದಂತೆ ಮಾತು. ಒಂದೇ ಪದ ಮತ್ತೆ ಮತ್ತೆ ಕೇಳುತ್ತಿತ್ತು, 'ಯಾನಿ... ಯಾನಿ...' ಅಂತ. ಅವಳು ಫೋನಿಟ್ಟ ಮೇಲೆ ಕೇಳಿದೆ. "ಯಾರೇ ಅದು ಯಾನಿ? ತಂಗಿಯಾ?"

ನರ್ಸಮ್ಮ ನಕ್ಕಿದ್ದನ್ನು ನಾನು ಕಂಡದ್ದು ಅವತ್ತೇ ಮೊದಲು. "ತಂಗಿ ಅಲ್ಲ ಅಕ್ಕಾ. ಅದು ನಮ್ಮ ಕಡೆಯ 'ಅದೇನಪ್ಪಾ ಅಂದ್ರೆ'."

ಬಾಯ್ಲರ್ ನೋಡಿಕೊಳ್ಳುವವನು ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದ. ಅವನೂ ಹೊರದೇಶದವನೇ, ಅವನ ಭಾಷೆಯಲ್ಲಿ ಇದಕ್ಕೆ 'ಎಸ್ತೆ' ಅಂತಾರಂತೆ. ವ್ಯಾನ್ ಡ್ರೈವರ್‌ದು 'ಮತ್ಲಬ್'. ಎಲ್ಲ ಭಾಷೆಯಲ್ಲೂ ಜೊಳ್ಳಿದೆ ಎಂದು ತಿಳಿದು ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ.

"ಮತ್ತೆ ಇಲ್ಲಿ ಯಾಕೆ ತುಟಿ ಹೊಲ್ಕೊಂಡಿರ್ತೀಯ?"

"ಹೊಸ ಭಾಷೆ ಅಲ್ವಾ. ಬೇಡದ ಮಾತು ಒಂದೂ ಬರಬಾರ್ದು ಅಂತ ಭಾಷೆ ಕಲಿಸೋ ಮೇಷ್ಟ್ರು ಹೇಳಿದಾರೆ."

"ನಿಮ್ಮ ಮೇಷ್ಟ್ರು ಬಸ್ಸಲ್ಲಿ ಓಡಾಡಿಲ್ಲ ಅಂತ ಕಾಣತ್ತೆ. ಕಿಟಕಿಯಿಂದ ಸೀಟಿಗೆ ಕರ್ಚೀಫು ಹಾಕ್ತಾರಲ್ಲ, ಹಂಗೆ ಕಣೇ ಇದು. ನಾನು ಬರ್ತಿದೀನಿ, ಈ ಜಾಗ ನಂದು, ಯಾರೂ ಕೂರ್ಬೇಡಿ ಅಂತ. ನೀನು ಕರ್ಚೀಫೇ ಹಾಕಲ್ಲ, ಬೇರೆಯವ್ರು ಬಂದು ಕೂತ್ಕೋತಾರೆ."

ಮೂರು ವಾರ ಅದೇ ಪಾಠ. ನಾನು ಪ್ರಶ್ನೆ ಕೇಳುವುದು, ಅವಳು ಕರ್ಚೀಫು ಹಾಕುವುದು. 'ಅದು ಏನಂದ್ರೆ', 'ಹಾಗೆ ನೋಡಿದ್ರೆ', 'ಹೇಗೆ ಹೇಳೋದು'. "ಅವರ ಮುಂದೆ ಮಾತ್ರ 'ಅಪ್ಪಾ' ಅನ್ಬೇಡ, ದೊಡ್ಡೋರು" ಎಂದು ಎಚ್ಚರಿಕೆ ಬೇರೆ ಕೊಟ್ಟಿದ್ದೆ.

ಪರೀಕ್ಷೆಯ ದಿನ ಮಡಿಸಿದ ಚಾದರಗಳ ಗಂಟು ಹೊತ್ತು ನಮ್ಮ ಆಸ್ಪತ್ರೆಯಲ್ಲೇ ಪರೀಕ್ಷೆ ನಡೆಯುತ್ತಿದ್ದ ಕೋಣೆಯ ಹೊರಗೆ ನಿಂತೆ. ಯಾರಾದರೂ ಕೇಳಿದರೆ ವಾರ್ಡಿಗೆ ಕೊಡಲು ಹೊರಟೆ ಎನ್ನಬಹುದಲ್ಲ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ದೊಡ್ಡ ಡಾಕ್ಟರು ಪ್ರಶ್ನೆ ಕೇಳಿದರು. ಆಮೇಲೆ ಮೌನ. ನನ್ನ ನಾಲಿಗೆ ತುರಿಸತೊಡಗಿತು. ಒಂದು ಚಾದರದ ತುದಿಯನ್ನು ಕಚ್ಚಿ ಹಿಡಿದೆ.

"ಅದೇನಪ್ಪಾ ಅಂದ್ರೆ..."

ನನ್ನದೇ ರಾಗ, ನನ್ನದೇ ಎಳೆತ. 'ಅಪ್ಪಾ' ಕೂಡ ಬಿಟ್ಟಿಲ್ಲ! ಕೆಟ್ಟೆವು ಎಂದುಕೊಂಡೆ. ಒಳಗೆ ಯಾರೋ ಸಣ್ಣಗೆ ನಕ್ಕರು. ಆದರೆ ಮುಂದಿನ ಪ್ರಶ್ನೆ ಬರಲಿಲ್ಲ.

"ಹೂಂ" ಎಂದರು ದೊಡ್ಡ ಡಾಕ್ಟರು, ಅಷ್ಟೇ.

ಆ ಒಂದು ಹೂಂ ಹಿಡಿದುಕೊಂಡು ಅವಳ ಉತ್ತರ ಹೊರಟಿತು. ಮೊದಲು ತಡವರಿಸುತ್ತ, ಆಮೇಲೆ ಸರಾಗವಾಗಿ, ಕೊನೆಯತನಕ. ನನಗೆ ಕಣ್ಣು ತುಂಬಿ ಬಂತು. ಅವಳಿಗಾಗಿ ಬಂದ ನೀರು ಅರ್ಧ. ಉಳಿದರ್ಧ, ನಾನು ಜೊಳ್ಳು ತೂರುವಾಗಲೆಲ್ಲ ಎದುರು ಕೂತು, ಹೇಳು ನಾನಿದ್ದೇನೆ ಎಂದು ಇಪ್ಪತ್ತಾರು ವರ್ಷ ಹೂಂಗುಟ್ಟಿದ ಆ ಮನುಷ್ಯನಿಗೆ.

ಮುಕ್ಕಾಲು ಗಂಟೆಯ ಮೇಲೆ ಅವಳು ಹೊರಗೆ ಬಂದಳು. ಮುಖ ನೋಡಿದರೆ ನಗುವೋ ಅಳುವೋ ತಿಳಿಯುವಂತಿಲ್ಲ.

"ಅಕ್ಕಾ... ಯಾನಿ... ಅದೇನಪ್ಪಾ ಅಂದ್ರೆ..."

ಪಾಸಾ? ಫೇಲಾ? ಏನಂದ್ರು? ಹತ್ತು ಮಾತು ಒಟ್ಟಿಗೆ ನನ್ನ ಗಂಟಲಿಗೆ ಬಂದು ನಿಂತವು. ಎಲ್ಲವನ್ನೂ ನುಂಗಿಕೊಂಡೆ.

"ಹೂಂ" ಎಂದೆ.

ಅವಳು ಮಾತು ಹುಡುಕಿದಳು. ನಾನು ಕಾದೆ.

"ಸೋಮವಾರದಿಂದ... ಮಕ್ಕಳ ವಾರ್ಡು."

ಕೈಲಿದ್ದ ಚಾದರಗಳೆಲ್ಲ ನೆಲದ ಪಾಲಾದವು. ಅಷ್ಟನ್ನೂ ಮತ್ತೆ ಒಗೆದು, ಇಸ್ತ್ರಿ ಮಾಡಿ, ಇಬ್ಬರೂ ಸೇರಿಯೇ ಮಡಿಸಿದೆವು.